ಕೆರೆ ನೀರಿನ ಡಿಎನ್‌ಎಯಲ್ಲಿ ಸುಳ್ಳು ಫೇಜ್‌ಗಳು: ನಾನು ಸರಿ ಮಾಡಿಕೊಂಡಿದ್ದು ಹೀಗೆ

ಕೆರೆ ನೀರಿನ ಡಿಎನ್‌ಎ ಡೇಟಾದಲ್ಲಿ ಫೇಜ್ ಹುಡುಕಲು, ಅಂದ್ರೆ ಬ್ಯಾಕ್ಟೀರಿಯಾಕ್ಕೆ ತಗಲುವ ವೈರಸ್‌ಗಳನ್ನು ಹುಡುಕಲು, ವೈರ್‌ಸಾರ್ಟರ್2 ಎಂಬ ಸಾಫ್ಟ್‌ವೇರ್ ಓಡಿಸಿದೆ. ಪಟ್ಟಿ ಸಿಕ್ಕಾಪಟ್ಟೆ ಉದ್ದ ಬಂತು. ಖುಷಿಯಾಯಿತು. ಆದರೆ ಕೆಲವು ತುಣುಕು ತೆರೆದು ನೋಡಿದರೆ, ಒಂದರಲ್ಲಿ ರೈಬೋಸೋಮ್ ಪ್ರೋಟೀನಿನ ಮೂರು ಜೀನ್‌ಗಳು ಸಾಲಾಗಿ ಕೂತಿದ್ದವು. ವೈರಸ್‌ನ ಹೊರಕವಚ ಕಟ್ಟುವ ಕ್ಯಾಪ್ಸಿಡ್ ಜೀನ್ ಇಲ್ಲ, ಆ ಕವಚದೊಳಗೆ ಡಿಎನ್‌ಎ ತುಂಬುವ ಟರ್ಮಿನೇಸ್ ಜೀನೂ ಇಲ್ಲ. ಅದು ಬ್ಯಾಕ್ಟೀರಿಯಾದ್ದೇ ಅಲ್ವಾ?

ತಪ್ಪು ನನ್ನದೇ. ಕನಿಷ್ಠ ಉದ್ದ ಕೊಟ್ಟಿರಲಿಲ್ಲ. ಡೀಫಾಲ್ಟ್ ಸೊನ್ನೆ, ಹಾಗಾಗಿ ಸಾವಿರ ಬೇಸ್‌ನ ಚೂರುಗಳೂ ಒಳಗೆ ಬಂದಿದ್ದವು, ಅಷ್ಟು ಚಿಕ್ಕದರಲ್ಲಿ ಜೀನ್ ಒಂದೆರಡೇ ಇರುವುದರಿಂದ ಅದು ಯಾರದ್ದು ಅಂತ ಹೇಳುವುದು ತುಂಬಾ ಕಷ್ಟ.

ಮಿನ್-ಲೆಂತ್ 5000 ಕೊಟ್ಟು ಮತ್ತೆ ಓಡಿಸಿದೆ. ಬಂದಿದ್ದನ್ನು ಚೆಕ್‌ವಿ ಎಂಬ, ವೈರಸ್ ತುಣುಕುಗಳನ್ನು ಪರೀಕ್ಷಿಸುವ ಸಾಫ್ಟ್‌ವೇರಿಗೆ ಹಾಕಿದೆ (ಅದರ ಡೇಟಾಬೇಸ್ ಮೊದಲೇ ಇಳಿಸಿಕೊಂಡಿರಬೇಕು). ಪ್ರತಿ ತುಣುಕಿನಲ್ಲಿ ವೈರಸ್ ಜೀನ್ ಎಷ್ಟು, ಬ್ಯಾಕ್ಟೀರಿಯಾ ಜೀನ್ ಎಷ್ಟು ಅಂತ ಅದು ಎಣಿಸಿ ಕೊಡುತ್ತದೆ. ಪ್ರೋಫೇಜ್ (ಬ್ಯಾಕ್ಟೀರಿಯಾದ ಡಿಎನ್‌ಎಯೊಳಗೆ ಸೇರಿಕೊಂಡ ಫೇಜ್) ಆದರೆ ಅಕ್ಕಪಕ್ಕ ಅಂಟಿಕೊಂಡ ಬ್ಯಾಕ್ಟೀರಿಯಾ ಭಾಗವನ್ನು ಕತ್ತರಿಸುತ್ತದೆ, ನನಗೆ ಇದೇ ಜಾಸ್ತಿ ಉಪಯೋಗವಾಯಿತು. ವೈರಸ್ ಜೀನ್ ಒಂದಾದರೂ ಇದ್ದರೆ ಇಟ್ಟುಕೊಂಡೆ. ಎರಡೂ ಸೊನ್ನೆ ಇದ್ದವನ್ನೂ ಸುಮ್ನೆ ಎಸೆಯಲಿಲ್ಲ, ಹೊಸ ಫೇಜ್‌ಗಳು ಅಲ್ಲೇ ಅಡಗಿರಬಹುದು. ಬರೀ ಬ್ಯಾಕ್ಟೀರಿಯಾ ಜೀನ್ ಇದ್ದವುಗಳಲ್ಲಿ ವೈರ್‌ಸಾರ್ಟರ್2 ಕೊಟ್ಟ ಸ್ಕೋರ್ 0.95 ಮುಟ್ಟಿದ್ದು ಅಥವಾ ಹಾಲ್‌ಮಾರ್ಕ್ ಜೀನ್ (ಕ್ಯಾಪ್ಸಿಡ್, ಟರ್ಮಿನೇಸ್‌ನಂಥ ವೈರಸ್‌ನ ಗುರುತಿನ ಜೀನ್) ಎರಡಕ್ಕಿಂತ ಹೆಚ್ಚಿದ್ದದ್ದು ಮಾತ್ರ ಉಳಿಯಿತು.

ಪಟ್ಟಿ ಈಗ ತುಂಬಾ ಚಿಕ್ಕದು. ಆ ರೈಬೋಸೋಮ್ ತುಣುಕು ಅದರಲ್ಲಿ ಇಲ್ಲ.