ಕೆನಡಾದಲ್ಲಿ ಸ್ವಂತ ಲಾಂಛನ: ಕಾಸರಗೋಡಿನ ಕನ್ನಡಿಗರಿಗೆ

ಕೆನಡಾದಲ್ಲಿ ಕೋಟ್ ಆಫ್ ಆರ್ಮ್ಸ್, ಅಂದರೆ ಗುರಾಣಿಯ ಮೇಲೆ ಚಿತ್ರಗಳಿರುವ ಸ್ವಂತ ಲಾಂಛನ, ಪಡೆಯಲು ರಾಜಮನೆತನದಲ್ಲಿ ಹುಟ್ಟಿರಬೇಕಿಲ್ಲ. ಕುಂಬಳೆಯಿಂದಲೋ ಬದಿಯಡ್ಕದಿಂದಲೋ ಹೋಗಿ ಅಲ್ಲಿನ ಪೌರರಾದವರೂ ಅರ್ಜಿ ಹಾಕಬಹುದು. 1988ರಲ್ಲಿ ಲಾಂಛನ ನೀಡುವ ಸರ್ಕಾರಿ ಸಂಸ್ಥೆ ಕೆನಡಿಯನ್ ಹೆರಾಲ್ಡಿಕ್ ಅಥಾರಿಟಿ ಶುರುವಾದ ಮೇಲೆ ಇದಕ್ಕಾಗಿ ಲಂಡನ್ನಿಗೆ ಬರೆಯುವ ಅಗತ್ಯವೂ ಉಳಿದಿಲ್ಲ.

ಅರ್ಜಿ ಹೋಗುವುದು ಆ ಸಂಸ್ಥೆಯ ಚೀಫ್ ಹೆರಾಲ್ಡ್ ಅವರಿಗೆ. ನಿಮ್ಮ ಜೀವನ ವಿವರ, ಸಮಾಜಕ್ಕೆ ಮಾಡಿದ ಕೆಲಸ ಎರಡನ್ನೂ ಬರೆಯಬೇಕು. ಒಪ್ಪಿಗೆ ಸಿಕ್ಕರೆ ಒಬ್ಬ ಹೆರಾಲ್ಡ್ (ಲಾಂಛನ ತಜ್ಞರು) ನಿಮ್ಮೊಂದಿಗೆ ಕೂತು ವಿನ್ಯಾಸ ಮಾಡುತ್ತಾರೆ. ಕಲಾವಿದರ ಖರ್ಚು ಸೇರಿದರೆ ಸಾವಿರಾರು ಡಾಲರ್ ಆಗುತ್ತದೆ, ವರ್ಷ ಮೀರಿ ಕಾಯಬೇಕಾಗುತ್ತದೆ. ಲಾಂಛನ ವ್ಯಕ್ತಿಗೆ ಸೇರಿದ್ದು, ಮನೆತನದ ಹೆಸರಿಗಲ್ಲ. ಹಾಗಾಗಿ ‘ನಿಮ್ಮ ಮನೆತನದ ಲಾಂಛನ’ ಎಂದು ಮಾರುವ ಚಿತ್ರಗಳಿಗೆ ದುಡ್ಡು ಸುರಿಯಬೇಡಿ.

ನಿಜವಾದ ಕಷ್ಟ ಆಯ್ಕೆಯಲ್ಲಿದೆ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ ಆಡಿ ಬೆಳೆದ ನಮಗೆ ಬೇಕಲ ಕೋಟೆ, ಯಕ್ಷಗಾನದ ಕಿರೀಟ, ತೆಯ್ಯಂ, ಕೆನಡಾದ ಗುರುತಾದ ಮೇಪಲ್ ಎಲೆ ಎಲ್ಲವೂ ಗುರಾಣಿಯಲ್ಲಿ ಇರಲಿ ಅನಿಸುತ್ತದೆ. ಎಲ್ಲವನ್ನೂ ತುರುಕಿದರೆ ದೂರದಿಂದ ಒಂದೂ ಕಾಣದು. ಚಿನ್ನ, ಬೆಳ್ಳಿ ಲೋಹಗಳು. ಕೆಂಪು, ನೀಲಿ, ಹಸಿರು, ಕಪ್ಪು, ನೇರಳೆ ಬಣ್ಣಗಳು. ಲೋಹದ ಮೇಲೆ ಲೋಹ, ಬಣ್ಣದ ಮೇಲೆ ಬಣ್ಣ ಕೂರಿಸಬಾರದು ಎಂಬುದು ಹಳೆಯ ನಿಯಮ. ಹಸಿರು ಗುರಾಣಿಯ ಮೇಲೆ ಚಿನ್ನದ ಬಣ್ಣದ ಹಣ್ಣಡಿಕೆ ಗೊನೆ, ಅದರ ಕೆಳಗೆ ಚಂದ್ರಗಿರಿ ಹೊಳೆಯಾಗಿ ಬೆಳ್ಳಿಯ ಅಲೆಪಟ್ಟಿ: ನಿಯಮಕ್ಕೂ ಸರಿ, ತೋಟವೂ ಬಂತು, ಊರೂ ಬಂತು. ಗುರಾಣಿಯ ಮೇಲೆ ಶಿರಸ್ತ್ರಾಣ, ಅದರ ಮೇಲೊಂದು ಶಿಖರಚಿಹ್ನೆ ಬರುತ್ತದೆ. ಅಲ್ಲಿಗೆ ಅಡಿಕೆ ಹಾಳೆಯ ಮುಟ್ಟಾಳೆ ಇಟ್ಟು, ಅದಕ್ಕೊಂದು ಕೆಂಪು ಮೇಪಲ್ ಎಲೆ ಸಿಕ್ಕಿಸಿದರೆ ಎಷ್ಟು ಚೆಂದ! ಗಂಡಭೇರುಂಡವನ್ನು ಮಾತ್ರ ಬಿಡಿ, ಅದು ಕರ್ನಾಟಕ ಸರ್ಕಾರದ ಲಾಂಛನದಲ್ಲಿದೆ.

ಹುಟ್ಟೂರಿನ ಗುರುತು ಅಲ್ಲಿಯವರಿಗೆ ಅಪರಿಚಿತವೆಂದು ಹಿಂಜರಿಯಬೇಕಿಲ್ಲ. ಹೈಟಿಯಲ್ಲಿ ಹುಟ್ಟಿ 2005ರಲ್ಲಿ ಕೆನಡಾದ ಗವರ್ನರ್ ಜನರಲ್ (ರಾಜಪ್ರತಿನಿಧಿ) ಆದ ಮಿಶೆಲ್ ಜಾನ್ ಅವರ ಲಾಂಛನವನ್ನು ಹೈಟಿಯ ಜಲದೇವತೆಗಳಾದ ಸಿಂಬಿಗಳು ಎರಡೂ ಕಡೆ ಹಿಡಿದು ನಿಂತಿವೆ. ಧ್ಯೇಯವಾಕ್ಯ ಕನ್ನಡದಲ್ಲೇ ಇರಲೆಂದು ಕೇಳಿ. ಕೆನಡಾದ ಉತ್ತರದ ನುನಾವುತ್ ಪ್ರದೇಶದ ಲಾಂಛನದಲ್ಲಿ ಧ್ಯೇಯವಾಕ್ಯ ಅಲ್ಲಿನ ಮೂಲನಿವಾಸಿಗಳ ಇನುಕ್ಟಿಟುಟ್ ಭಾಷೆಯಲ್ಲಿ, ಅದರದೇ ಲಿಪಿಯಲ್ಲಿದೆ.

ಇಂಗ್ಲೆಂಡಿನ ಪದ್ಧತಿಯಲ್ಲಿ ಲಾಂಛನ ಮುಖ್ಯವಾಗಿ ಗಂಡುಮಕ್ಕಳ ಕವಲಿನಲ್ಲಿ ಸಾಗುತ್ತದೆ. ಕೆನಡಾದಲ್ಲಿ ಮಗಳಿಗೂ ಮಗನಷ್ಟೇ ಹಕ್ಕು. ಅಳಿಯಸಂತಾನದ ಮನೆಗಳಿಂದ ಬಂದವರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ. ಪ್ರತಿ ಮಗುವಿನ ಗುರಾಣಿಯಲ್ಲೂ ಸಣ್ಣದೊಂದು ವ್ಯತ್ಯಾಸ ಮಾಡಿಕೊಡುತ್ತಾರೆ, ಅದನ್ನೂ ಮೊದಲ ಅರ್ಜಿಯ ಹೊತ್ತಿಗೇ ಹೆರಾಲ್ಡ್ ಬಳಿ ಮಾತಾಡಿಕೊಳ್ಳಿ.