ಪುಸ್ತಕ ಮುಚ್ಚಿಟ್ಟು ಮಾಡಿದ ಭೌತಶಾಸ್ತ್ರದ ರಿವಿಷನ್

ಶಾಲೆಯ ಕೊನೆಯ ವರ್ಷದ ಮೊದಲ ಭೌತಶಾಸ್ತ್ರ ಪರೀಕ್ಷೆಗೆ ನೋಟ್ಸನ್ನು ಮೂರು ಸಲ ಓದಿಕೊಂಡು ಹೋಗಿದ್ದೆ. ಸೂತ್ರಗಳೆಲ್ಲ ನೆನಪಿದ್ದವು. ಯಾವ ಲೆಕ್ಕಕ್ಕೆ ಯಾವ ಸೂತ್ರ ಎಂಬುದೇ ಹೊಳೆಯಲಿಲ್ಲ. ಓದಿದ್ದು ಪರಿಚಿತ ಅನ್ನಿಸುವುದೇ ಬೇರೆ, ಕೈಯಲ್ಲಿ ಬರೆಯಲು ಬರುವುದೇ ಬೇರೆ ಅಂತ ಅವತ್ತು ಅರ್ಥವಾಯಿತು.

ಆಮೇಲೆ ಓದುವ ಸಮಯವನ್ನು ಅರ್ಧಕ್ಕಿಳಿಸಿದೆ. ಒಂದು ಅಧ್ಯಾಯ ಓದಿ, ಪುಸ್ತಕ ಮುಚ್ಚಿ, ಖಾಲಿ ಹಾಳೆಯಲ್ಲಿ ನೆನಪಿದ್ದಷ್ಟನ್ನೂ ಬರೆಯುತ್ತಿದ್ದೆ: ಚಿತ್ರ, ಸೂತ್ರದ ನಿರೂಪಣೆ, ಆ ಸೂತ್ರ ಯಾವಾಗ ಅನ್ವಯಿಸುವುದಿಲ್ಲ ಎಂಬುದು. ಬಿಟ್ಟುಹೋದದ್ದನ್ನು ಕೆಂಪು ಶಾಯಿಯಲ್ಲಿ ತುಂಬಿಸಿ, ಮರುದಿನ ಒಮ್ಮೆ, ವಾರ ಕಳೆದು ಇನ್ನೊಮ್ಮೆ ಹೊಸ ಹಾಳೆಯಲ್ಲಿ ಬರೆಯುತ್ತಿದ್ದೆ.

ನನಗೆ ಹೆಚ್ಚು ಕಲಿಸಿದ್ದು ತಪ್ಪುಗಳ ಪುಸ್ತಕ. ಅದರಲ್ಲಿ ಸರಿಯುತ್ತರ ನಕಲು ಮಾಡುತ್ತಿರಲಿಲ್ಲ, ಎಲ್ಲಿ ಎಡವಿದೆ ಅಂತ ಒಂದೇ ಸಾಲು. ಕೆಪಾಸಿಟರ್ (ಎದುರುಬದುರಾಗಿಟ್ಟ ಎರಡು ಲೋಹದ ತಟ್ಟೆಗಳಲ್ಲಿ ಚಾರ್ಜ್ ಹಿಡಿದಿಡುವ ಸಾಧನ) ಲೆಕ್ಕಗಳಲ್ಲಿ ಅದೇ ಸಾಲು ಮತ್ತೆ ಮತ್ತೆ ಬಂತು: ‘ಬ್ಯಾಟರಿ ಜೋಡಿಸಿದೆಯೋ ಇಲ್ಲವೋ ನೋಡಲಿಲ್ಲ.’ ಡೈಎಲೆಕ್ಟ್ರಿಕ್ ಸ್ಥಿರಾಂಕ 4 ಇರುವ, ಅಂದರೆ ಚಾರ್ಜ್ ಹಿಡಿಯುವ ಸಾಮರ್ಥ್ಯವನ್ನು ನಾಲ್ಕು ಪಟ್ಟು ಮಾಡುವ, ಅವಾಹಕ ಫಲಕವನ್ನು ತಟ್ಟೆಗಳ ನಡುವೆ ಪೂರ್ತಿ ತೂರಿಸಿದರೆ ಕೆಪಾಸಿಟರಿನಲ್ಲಿರುವ ಶಕ್ತಿ ಎಷ್ಟಾಗುತ್ತದೆ? ಬ್ಯಾಟರಿ ಜೋಡಿಸಿಯೇ ಇದ್ದರೆ ವೋಲ್ಟೇಜ್ ಬದಲಾಗುವುದಿಲ್ಲ, ಶಕ್ತಿ ನಾಲ್ಕು ಪಟ್ಟು. ಮೊದಲೇ ಚಾರ್ಜ್ ಮಾಡಿ ಬ್ಯಾಟರಿ ಬಿಚ್ಚಿದ್ದರೆ ಚಾರ್ಜ್ ಬದಲಾಗುವುದಿಲ್ಲ, ಶಕ್ತಿ ಕಾಲು ಭಾಗ. ಕಳೆದುಹೋದ ಮುಕ್ಕಾಲು ಎಲ್ಲಿ ಹೋಯಿತು ಅಂತ ಒಂದು ಸಂಜೆಯಿಡೀ ತಲೆ ಕೆಡಿಸಿಕೊಂಡೆ. ಫಲಕವನ್ನು ವಿದ್ಯುತ್ ಕ್ಷೇತ್ರವೇ ಒಳಗೆ ಎಳೆದುಕೊಳ್ಳುತ್ತದೆ, ಆ ಕೆಲಸಕ್ಕೆ ಅದು ಖರ್ಚಾಗಿದೆ ಎಂದು ತಿಳಿದಾಗ ಆದ ಸಂತೋಷ ಇವತ್ತಿಗೂ ನೆನಪಿದೆ. ಅಲ್ಲಿಂದ ಮುಂದೆ ಯಾವ ಕೆಪಾಸಿಟರ್ ಲೆಕ್ಕ ಬಂದರೂ ‘ಯಾವುದು ಬದಲಾಗುವುದಿಲ್ಲ?’ ಎಂಬ ಪ್ರಶ್ನೆಯಿಂದಲೇ ಶುರುಮಾಡುತ್ತಿದ್ದೆ.

ಉಳಿದ ತಪ್ಪುಗಳಲ್ಲಿ ಹೆಚ್ಚಿನವು ಯೂನಿಟ್ಟಿನವು. ಒಂದು ಮೀಟರಿಗೆ 100 ಸೆಂಟಿಮೀಟರ್, ಆದರೆ ಒಂದು ಚದರ ಮೀಟರಿಗೆ 10,000 ಚದರ ಸೆಂಟಿಮೀಟರ್. ಆತುರದಲ್ಲಿ ಇಲ್ಲೇ ಜಾರುತ್ತಿದ್ದೆ. ವೃತ್ತೀಯ ಚಲನೆಯ ಚಿತ್ರದಲ್ಲಿ ಎಳೆತ, ಗುರುತ್ವಗಳ ಜೊತೆಗೆ ‘ಕೇಂದ್ರಾಭಿಮುಖ ಬಲ’ ಅಂತ ಇನ್ನೊಂದು ಬಾಣವನ್ನೂ ಹಾಕುತ್ತಿದ್ದೆ. ಅದು ಬೇರೆ ಬಲವಲ್ಲ, ಇರುವ ಬಲಗಳು ಒಟ್ಟಾಗಿ ಕೇಂದ್ರದ ಕಡೆಗೆ ಎಳೆಯುವುದೇ ಅದು.

ಒಂದೇ ಅಧ್ಯಾಯದ ಇಪ್ಪತ್ತು ಲೆಕ್ಕಗಳನ್ನು ಸಾಲಾಗಿ ಮಾಡುವುದನ್ನೂ ಬಿಟ್ಟೆ. ಐದನೆಯದರ ಹೊತ್ತಿಗೆ ಕೈ ತಾನೇ ಓಡುತ್ತದೆ, ತಲೆಗೆ ಕೆಲಸವಿರುವುದಿಲ್ಲ. ಬದಲಿಗೆ ಹಳೆಯ ಪ್ರಶ್ನೆಪತ್ರಿಕೆಗಳಿಂದ ಉಷ್ಣ, ದೃಗ್ವಿಜ್ಞಾನ, ಪರಮಾಣು ಎಲ್ಲ ಬೆರೆಸಿ, ಗಡಿಯಾರ ಎದುರಿಗಿಟ್ಟುಕೊಂಡು ಬಿಡಿಸುತ್ತಿದ್ದೆ. ಶುರುವಿನಲ್ಲಿ ಅಂಕ ಇಳಿಯಿತು. ಭಯವಾದರೂ ಬಿಡಲಿಲ್ಲ.

ಉತ್ತರ ಬಂದ ಮೇಲೆ ಅದು ನಂಬುವಂತಿದೆಯೇ ಅಂತ ನೋಡುವುದನ್ನೂ ರೂಢಿಸಿಕೊಂಡೆ. ಭೂಮಿಯ ವಿಮೋಚನಾ ವೇಗ, ಅಂದರೆ ಅದರ ಗುರುತ್ವದಿಂದ ತಪ್ಪಿಸಿಕೊಂಡು ಹೋಗಲು ಬೇಕಾದ ವೇಗ, ಸೆಕೆಂಡಿಗೆ ಸುಮಾರು 11.2 ಕಿಲೋಮೀಟರ್. ನನ್ನ ಹಾಳೆಯಲ್ಲಿ ಒಮ್ಮೆ 354 ಮೀಟರ್ ಅಂತ ಬಂದಿತ್ತು, ಶಬ್ದದ ವೇಗದ ಆಸುಪಾಸು! ಹಿಂದಕ್ಕೆ ಹೋಗಿ ನೋಡಿದರೆ ಭೂಮಿಯ ತ್ರಿಜ್ಯ 6,400 ಕಿಲೋಮೀಟರನ್ನು ಮೀಟರಿಗೆ ಬದಲಿಸದೆ ಹಾಗೆಯೇ ಹಾಕಿದ್ದೆ.

ಪರೀಕ್ಷೆಯ ಹಿಂದಿನ ದಿನ ಪಠ್ಯಪುಸ್ತಕ ತೆರೆಯಲೇ ಇಲ್ಲ. ತಪ್ಪುಗಳ ಪುಸ್ತಕವೊಂದನ್ನೇ ಓದಿ, ಎರಡಕ್ಕಿಂತ ಹೆಚ್ಚು ಸಲ ಬಂದಿದ್ದ ಸಾಲುಗಳ ಲೆಕ್ಕಗಳನ್ನು ಮತ್ತೆ ಬಿಡಿಸಿ, ಬೇಗ ಮಲಗಿದೆ.