ಸೆಂಟಿಲ್ಲದ ಸುರಗಿ ಬತ್ತಿ: ಮೂರನೇ ವರ್ಷಕ್ಕೆ ಹದ ಸಿಕ್ಕಿತು

ಸೆಂಟು ಹಾಕದೆ ಊದುಬತ್ತಿ ಮಾಡ್ತೀನಿ ಅಂದಾಗ ಈ ಕಸುಬಿನವರೇ ನಕ್ಕಿದ್ದರು. ‘ಘಮವಿಲ್ಲದ ಕಪ್ಪು ಬತ್ತಿ ತಂದು, ಸೆಂಟು ಬೆರೆಸಿದ ಡಿಇಪಿ ಅನ್ನೋ ದ್ರಾವಕದಲ್ಲಿ ಅದ್ದು, ಸಾಕು. ಹೂವು ಸುಟ್ಟರೆ ತರಗು ಸುಟ್ಟ ವಾಸನೆಯೇ ಬರೋದು’ ಅಂದರು. ಈ ವರ್ಷ ಅವರಲ್ಲೇ ಇಬ್ಬರು ನನ್ನ ಹತ್ತಿರ ಕೇಳಿ ಪೊಟ್ಟಣ ತಗೊಂಡು ಹೋದರು.

ನಮ್ಮದು ತೀರ್ಥಹಳ್ಳಿ ಕಡೆ. ತೋಟದ ಅಂಚಿನಲ್ಲಿ ಹಳೇ ಸುರಗಿ ಮರ ಇದೆ. ಒಣಗಿದರೂ ಘಮ ಬಿಡದ ಹೂವು. ಅಜ್ಜಿ ಅದರ ದಂಡೆಯನ್ನು ಸೀರೆ ಪೆಟ್ಟಿಗೆಯಲ್ಲಿ ಇಡುತ್ತಿದ್ದರು. ಆ ಘಮ ಹೊಗೆಯಲ್ಲೂ ಬರಬೇಕು ಅನ್ನೋದೇ ನನ್ನ ಹಟ.

ಮೊದಲ ವರ್ಷ ಆಸೆಗೆ ಬಿದ್ದು ಅರ್ಧಕ್ಕರ್ಧ ಹೂವಿನ ಪುಡಿ ಹಾಕಿದೆ. ಬತ್ತಿ ಮೂರು ಬೆರಳು ಉರಿದು ನಂದಿಹೋಗುತ್ತಿತ್ತು. ಹೊಗೆಗೆ ಗಂಟಲು ಹಿಡಿಯುತ್ತಿತ್ತು. ಎರಡನೇ ವರ್ಷ ಹಾಲುಮಡ್ಡಿ ಅನ್ನೋ ಘಮದ ಮರದಂಟು, ಜೇನುತುಪ್ಪ ಧಾರಾಳವಾಗಿ ಸೇರಿಸಿದೆ. ಏಪ್ರಿಲ್‌ನಲ್ಲಿ ಎಂಥಾ ಪರಿಮಳ! ಜುಲೈ ಮಳೆ ಹಿಡಿದದ್ದೇ ಬತ್ತಿಗಳೆಲ್ಲ ಬೆವರಿದವು. ಹಾಲುಮಡ್ಡಿ ತೇವ ಎಳೆಯುತ್ತೆ ಅಂತ ಗೊತ್ತಿತ್ತು, ಆದರೆ ನಮ್ಮ ಮಳೆಗೆ ಅದು ಇಷ್ಟು ಎಳೆಯುತ್ತೆ ಅಂದುಕೊಂಡಿರಲಿಲ್ಲ. ಅಂಗಡಿಯಿಂದ ಸುಮಾರು 60 ಪೊಟ್ಟಣ ವಾಪಸ್ ಬಂತು. ಬಚ್ಚಲೊಲೆ ಮೇಲಿನ ಅಟ್ಟದಲ್ಲಿಟ್ಟು ಒಣಗಿಸಿದೆ. ಒಣಗಿದವು, ಆದರೆ ಸೌದೆ ಹೊಗೆ ವಾಸನೆ ಹತ್ತಿತು. ಎರಡು ವರ್ಷಕ್ಕೆ 18 ಸಾವಿರದ ಹತ್ತಿರ ಕೈಬಿಟ್ಟಿತು.

ಈಗಿನ ಅಳತೆ ಹೀಗಿದೆ. ಹತ್ತು ಪಾಲಿನಲ್ಲಿ ಕರಟದ ಇದ್ದಿಲು 3, ಜಿಗಟು (ಗುಳಮಾವಿನಂಥ ಮರದ ತೊಗಟೆಯ ಅಂಟು ಪುಡಿ) ಎರಡೂವರೆ, ಸುರಗಿ 2. ಉಳಿದದ್ದು ಲಾವಂಚ, ರಾಳ, ಸಾಗರದ ಗುಡಿಗಾರರ ಕೆತ್ತನೆಯಲ್ಲಿ ಉದುರಿದ ಗಂಧದ ಹುಡಿ. ಹಾಲುಮಡ್ಡಿ ಹೆಸರಿಗಷ್ಟೆ. ಮಾರ್ಚ್‌ನಲ್ಲಿ ಹೊಸೆದು, ನೆರಳಲ್ಲಿ ಒಣಗಿಸಿ, ಮಳೆಗೆ ಮೊದಲೇ ಡಬ್ಬ ಮುಚ್ಚಬೇಕು. ಜಿಗಟು ಕೊಳ್ಳುವಾಗ ಎಲ್ಲಿಯದು ಅಂತ ಕೇಳಿ. ತೊಗಟೆ ಸುಲಿದೂ ಸುಲಿದೂ ನಮ್ಮ ಕಾಡಿನ ಗುಳಮಾವು ನಿಂತಲ್ಲೇ ಒಣಗಿವೆ. ಅದನ್ನು ನೋಡಿದರೆ ಹೊಟ್ಟೆ ಉರಿಯುತ್ತೆ.

ಸುರಗಿ ಪುಡಿ ಮಾಡೋ ಮೊದಲು ಒಂದು ಕೆಲಸ ಇದೆ. ಅದಕ್ಕೆ ತುಪ್ಪ ಬೇಕು, ಬೆಂಕಿ ಬೇಡ. ಇಷ್ಟೇ ಹೇಳ್ತೀನಿ. ಎಷ್ಟು ದಿನ ಅನ್ನೋದು ನನ್ನ ಹತ್ತಿರವೇ ಇರಲಿ.

ಹೊಸೆಯುವಾಗಿನ ಖುಷಿಯೇ ಬೇರೆ. ಕಲಸಿದ್ದನ್ನು ಒದ್ದೆ ಬಟ್ಟೆ ಮುಚ್ಚಿ ರಾತ್ರಿಯಿಡೀ ಬಿಡ್ತೀನಿ. ಬೆಳಿಗ್ಗೆ ಗೋಲಿಯಷ್ಟು ಚಿವುಟಿ ಮಣೆ ಮೇಲೆ ಕಡ್ಡಿಗೆ ಉರುಳಿಸಿದರೆ ಅಂಗೈ ಕೆಳಗೆ ಅದು ತಾನೇ ತೆಳ್ಳಗೆ ಓಡುತ್ತೆ. ಬಿರುಕು ಬಿಟ್ಟರೆ ನೀರು ಸಾಲದು, ಬೆರಳಿಗೆ ಮೆತ್ತಿದರೆ ಜಿಗಟು ಜಾಸ್ತಿ. ಗಂಟೆಗೆ 70-80 ಬರುತ್ತೆ. ಸಂಜೆ ಊಟಕ್ಕೆ ಕೂತರೂ ಕೈ ಘಮ್ಮೆನ್ನುತ್ತೆ.

ಮಧ್ಯೆ ಸುಮ್ನೆ ಅಪ್ಪೆಮಿಡಿ ಮಾವಿನ ಎಲೆ ಒಣಗಿಸಿ ಹಾಕಿ ನೋಡಿದೆ. ಸೊನೆಯ ಆ ಪರಿಮಳ ಹೊಗೆಯಲ್ಲಿ ಒಂದು ಚೂರೂ ಉಳಿಯಲಿಲ್ಲ. ಅಡಿಕೆ ಸಿಪ್ಪೆ ಇದ್ದಿಲು ಮಾತ್ರ ಕರಟದಷ್ಟೇ ಚೆನ್ನಾಗಿ ಉರಿಯಿತು. ಅದು ತೋಟದಲ್ಲಿ ರಾಶಿ ಬಿದ್ದಿರುತ್ತೆ, ದುಡ್ಡು ಉಳೀತು.

ಈ ಸಲ 400 ಪೊಟ್ಟಣ ಆಯ್ತು, ಒಂದಕ್ಕೆ 90 ರೂಪಾಯಿ. ಖರ್ಚು ಕಳೆದು 20 ಸಾವಿರದ ಮೇಲೆ ಉಳಿದಿದೆ. ಆಗಸ್ಟ್‌ನಲ್ಲಿ, ಮೂರು ದಿನ ಬಿಡದೆ ಸುರಿದ ಮಳೆಯಲ್ಲಿ, ಒಂದು ಡಬ್ಬ ತೆಗೆದು ಹಚ್ಚಿದೆ. ಒಂದೇ ಬೆಂಕಿಕಡ್ಡಿಗೆ ಹತ್ತಿಕೊಂಡಿತು. ಅಮ್ಮ ಒಳಗಿನಿಂದ ಕೂಗಿ ಕೇಳಿದರು, ‘ಈ ಮಳೆಯಲ್ಲಿ ಸುರಗಿ ದಂಡೆ ತಂದವರು ಯಾರು?’